ಮನೆ ಮಾಲೀಕರ ಸಿಂಹಕ್ಕೆ ನಾನು ಕೊಟ್ಟ ದರ್ಜೆ

ಗೆಳೆಯರೇ, ಇವತ್ತು ನನ್ನ ಬಾಯಿ ಕೆಡಿಸಿದ್ದು ಒಂದು ವಿಡಿಯೋ ಗೇಮ್. ಅದರಲ್ಲಿ ನಾವು ಊರು ಕಟ್ಟಬೇಕು, ಊರಿನವರು ಶಿಲ್ಪ ಕೆತ್ತುತ್ತಾರೆ, ಆಟವೇ ಅದಕ್ಕೆ ದರ್ಜೆ ಕೊಡುತ್ತದೆ. ಬೆಳಿಗ್ಗೆ ನನ್ನ ಶಿಲ್ಪಿ ಕಷ್ಟಪಟ್ಟು ಕೆತ್ತಿದ್ದಕ್ಕೆ ಬಂದ ತೀರ್ಪು: 'ಮೇಕೆಗೆ ಹೆದರಿ ಓಡುತ್ತಿರುವ ಮನುಷ್ಯ. ಗುಣಮಟ್ಟ ಕಳಪೆ. ನೋಡಿದವರ ಮನಸ್ಸು ಕುಗ್ಗುತ್ತದೆ.' ಎಂಥ ನೇರ ಮಾತು!

ಅದೇ ಗುಂಗಿನಲ್ಲಿ ಹಾಲು ತರಲು ಕೆಳಗಿಳಿದೆ. ಅಮೃತಹಳ್ಳಿಯ ನಮ್ಮ ಮನೆ ಮಾಲೀಕರಾದ ಮುನಿರಾಜಣ್ಣ ಗೇಟಿನ ಕಂಬಗಳ ಮೇಲೆ ಎರಡು ಸಿಮೆಂಟ್ ಸಿಂಹ ಕೂರಿಸಿ, ಚಿನ್ನದ ಬಣ್ಣ ಹೊಡೆಸಿ ನಿಂತಿದ್ದರು. ಒಂದಕ್ಕೆ ನೆಗಡಿಯಾದಂತಿತ್ತು. ಇನ್ನೊಂದು ಅದನ್ನು ನೋಡಿ ಗಾಬರಿಗೊಂಡಿತ್ತು.

"ಎಂಗವೆ ಸಾರ್ ಸಿಂಹ? ರೋಡಲ್ಲಿ ಎಲ್ರೂ ಸೂಪರ್ ಅಂತವ್ರೆ."

ನನ್ನ ಹುಬ್ಬಳ್ಳಿ ನಾಲಿಗೆ ಹೊರಳಿಯೇಬಿಟ್ಟಿತು: "ಕಳಪೆ ಅದಾವ್ರೀ. ನೋಡಿದವರ ಮನಸ್ಸು ಕುಗ್ಗತೈತ್ರಿ."

ಮನೆ ಖಾಲಿ ಮಾಡಿಸುತ್ತಾರೆ ಅಂದುಕೊಂಡೆ. ಅವರ ಮುಖ ಅರಳಿತು.

"ಅಂಗಾರೆ ದೃಷ್ಟಿ ಆಗಲ್ಲ ಬುಡಿ! ಎಲ್ರೂ ಒಗಳಿ ಒಗಳಿ ನಂಗೆ ಭಯ ಆಗೋಗಿತ್ತು."

ಖುಷಿಯಲ್ಲಿ ಒಳಗೆ ಕರೆದು ಕಾಫಿ ಕೊಟ್ಟರು. ಗೋಡೆಯ ಮೇಲೆ ಅವರದೇ ಆಳೆತ್ತರದ ಚಿತ್ರ. ಮೀಸೆ ಒಂದು ಕಡೆ, ತುಟಿ ಇನ್ನೊಂದು ಕಡೆ.

"ನೀವು ಇದ್ದಿದ್ ಇದ್ದಂಗೆ ಏಳ್ತೀರ. ಇದು ಎಂಗೈತೆ?"

ಬಾಡಿಗೆ ಕರಾರು ಮುಗಿಯುವುದು ಮುಂದಿನ ತಿಂಗಳು.

"ಮೇರುಕೃತಿ ಐತ್ರೀ ಅಣ್ಣಾ," ಎಂದೆ.

ಆಟಕ್ಕೇನು, ಧೈರ್ಯವಾಗಿ ಸತ್ಯ ಹೇಳುತ್ತದೆ. ಅದು ಬಾಡಿಗೆ ಮನೆಯಲ್ಲಿದೆಯೇ?