ಗಲ್ಲಾಪೆಟ್ಟಿಗೆಯ ಮಾತ್ರೆ

ಸರಕಿನ ಲೆಕ್ಕದಲ್ಲಿ ಹೇಳುವುದಾದರೆ, ಅಡುಗೆಯ ದಯಾನಂದ ಎರಡನೇ ದರ್ಜೆಯ ಮಾಲು. ತೂಕ ಕಡಿಮೆ, ಬಾಯಿ ಜಾಸ್ತಿ, ಹೊಳಪು ಹೋಗಿ ಬಹಳ ಕಾಲವಾಗಿದೆ. ಆದರೆ ಮದುವೆ ಮನೆಯಲ್ಲಿ ಅವನ ಸಾರು ಉಂಡು, ಕೈತೊಳೆದು, ಮುಂದಿನ ಪಂಕ್ತಿಯಲ್ಲಿ ಮತ್ತೆ ಕೂತವರಿದ್ದಾರೆ. ಲಾಯಿಲದ ಕಾಳುಮೆಣಸಿನ ವ್ಯಾಪಾರಿ ವಿಜಯರಾಜರು ಅವನಿಗೆ ಕಟ್ಟಿದ ಬೆಲೆ ಇದು. ಚೀಲದ ಬಾಯಿ ನೋಡಿ ದರ ಹೇಳುವವರಲ್ಲ ಅವರು. ತಳಕ್ಕೆ ಕೈ ಹಾಕಿ ಒಂದು ಮುಷ್ಟಿ ತೆಗೆದು, ಮೂಸಿ, ಕಚ್ಚಿ ನೋಡಿದ ಮೇಲೆಯೇ ಮಾತು. ಅಷ್ಟರಲ್ಲಿ ಮಾರುವವನು ಅತ್ತರೆ ಅಳಲಿ, ಅಳುವೂ ಚೌಕಾಸಿಯೇ.

ದಯಾನಂದನ ಅಳು ಮೂರು ಪೇಟೆಗೆ ಗೊತ್ತಿತ್ತು. ಕೊಪ್ಪರಿಗೆ ಎತ್ತಿ ಸೊಂಟ ಹಿಡಿದಾಗ ಶುರುವಾದ ನೋವಿನ ಮಾತ್ರೆ ಚಟವಾಯಿತು. ಬಂಟ್ವಾಳದ ಮೆಡಿಕಲಿನಲ್ಲಿ ಹಲ್ಲುನೋವು, ಬೆಳ್ತಂಗಡಿಯಲ್ಲಿ ಬೆನ್ನುನೋವು, ಮೂಡುಬಿದಿರೆಯಲ್ಲಿ ಮೂತ್ರದ ಕಲ್ಲು ಎಂದು ಅತ್ತು ಮಾತ್ರೆ ತರುತ್ತಿದ್ದ. ಹೆಂಡತಿ ಕಾಂತಿ ತವರಿಗೆ ಹೋದಳು. ಅವನು ಚಟ ಬಿಡಿಸುವ ಶಿಬಿರ ಸೇರಿ, ನರಳಿ, ಮಾತ್ರೆ ಬಿಟ್ಟ. "ಬಿಟ್ಟದ್ದು ಬಿಟ್ಟ ಹಾಗೇ ಉಳಿದರೆ ಬರ್ತೇನೆ" ಎಂದಿದ್ದಳು ಕಾಂತಿ.

ಅಷ್ಟರಲ್ಲಿ ಮುಂಡಾಜೆಯ ತಿರುವಿನಲ್ಲಿ ಸ್ಕೂಟರ್ ಜಾರಿ ಕಾಲು ಮುರಿಯಿತು. ಆಪರೇಷನ್ ಮಾಡಿ ರಾಡ್ ಹಾಕಿದರು. ಅವನ ಕಥೆ ತಿಳಿದ ಡಾಕ್ಟರು ಮಾತ್ರೆ ಬರೆದು, ಬೇರೆಯವರ ಕೈಯಲ್ಲಿಡಲು ಹೇಳಿದರು. ಊರುಗೋಲು ಕುಟ್ಟುತ್ತಾ ಅವನು ಮೆಣಸಿನ ಅಂಗಡಿಗೆ ಬಂದ.

"ಧನಿಗಳೇ, ಇದು ನಿಮ್ಮ ಗಲ್ಲೆಯಲ್ಲಿರಲಿ. ಬೆಳಿಗ್ಗೆ ಒಂದು, ಸಂಜೆ ಒಂದು. ನಾನು ಕಾಲು ಹಿಡಿದರೂ ಹೆಚ್ಚು ಕೊಡ್ಲಿಕ್ಕಿಲ್ಲ."

"ಊರಲ್ಲಿ ಬೇರೆ ಜನ ಇಲ್ವಾ ಮಾರಾಯ?"

"ಉಂಟು. ಆದ್ರೆ ಅವರಿಗೆಲ್ಲ ಕರುಳುಂಟು."

ವಿಜಯರಾಜರು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡರು.

ಒಂದು ಸಂಜೆ ಅವನು ಹೊತ್ತಿಗೆ ಮೊದಲೇ ಬಂದ. ಬೆವರುತ್ತಿದ್ದ, ನಡುಗುತ್ತಿದ್ದ.

"ಒಂದು ಜಾಸ್ತಿ ಕೊಡಿ ಧನಿಗಳೇ. ಕಾಲು ಒಳಗಿಂದ ಸುಡ್ತಾ ಉಂಟು."

"ಇದು ಯಾವ ಪೇಟೆಯ ನೋವು? ಬಂಟ್ವಾಳದ್ದಾ, ಮೂಡುಬಿದಿರೆಯದ್ದಾ?"

ಅಂಗಡಿಯಲ್ಲಿದ್ದವರು ನಕ್ಕರು. ದಯಾನಂದನೂ ನಗಲು ನೋಡಿದ. "ಇದು ನಿಜದ್ದು."

"ಕಾಂತಿ ಬರುವುದು ಬೇಡ್ವಾ ನಿಂಗೆ?"

ಅವನು ತಲೆ ತಗ್ಗಿಸಿದ. "ಹೌದು. ಹಳೇ ಚಾಳಿಯೇ ಇರ್ಬೇಕು" ಎಂದು ಒಂದೇ ಮಾತ್ರೆ ನುಂಗಿ, ಗೋಡೆ ಹಿಡಿದುಕೊಂಡು ಹೊರಟ. ಸರಿಯಾದ ವ್ಯವಹಾರ ಮಾಡಿದೆ ಎಂಬ ಸಮಾಧಾನ ವಿಜಯರಾಜರಿಗೆ.

ಮರುದಿನ ಅವನು ಬರಲಿಲ್ಲ. ಸಂಜೆಯೂ ಬರದಿದ್ದಾಗ ಅವರೇ ಮಾತ್ರೆ ಹಿಡಿದು ಅವನ ಮನೆಗೆ ಹೋದರು. ವಾಸನೆ ಜಗಲಿಗೇ ಬಂತು. ಬ್ಯಾಂಡೇಜಿನೊಳಗೆ ಗಾಯ ಕೀವುಗಟ್ಟಿತ್ತು. ಜ್ವರದ ಬಡಬಡಿಕೆಯಲ್ಲಿ ಅವನು ಯಾವುದೋ ಮದುವೆಗೆ ಉಪ್ಪು ಅಳೆಯುತ್ತಿದ್ದ. ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕಾಲು ಕತ್ತರಿಸಿ ತೆಗೆದರು.

ಕಾಂತಿ ಬಂದಳು. ಈಗ ಅವಳೇ ಒಲೆಯ ಮುಂದೆ ನಿಲ್ಲುತ್ತಾಳೆ. ಅವನು ಕುರ್ಚಿಯಲ್ಲಿ ಕೂತು ರುಚಿ ಹೇಳುತ್ತಾನೆ.

"ನೋವುಂಟಾ ದಯಾನಂದ?" ಎಂದು ವಿಜಯರಾಜರು ಕೇಳಿದಾಗಲೆಲ್ಲ ಒಂದೇ ಉತ್ತರ. "ಎಂತದ್ದೂ ಇಲ್ಲ ಧನಿಗಳೇ."

ರಾತ್ರಿ ಬಾಯಿಗೆ ಹೆಗಲ ಬೈರಾಸು ತುರುಕಿಕೊಂಡು ಮಲಗುತ್ತಾನೆ ಎಂದು ಕಾಂತಿ ಹೇಳಿದ್ದಾಳೆ.

ಉಳಿದ ಮಾತ್ರೆಗಳು ಇನ್ನೂ ಗಲ್ಲೆಯಲ್ಲಿವೆ. ಅವನು "ನಿಜದ್ದು" ಎಂದ ಸಂಜೆ ಒಮ್ಮೆ ಬಗ್ಗಿ ಆ ಕಾಲು ನೋಡಬೇಕಿತ್ತು. ವಿಜಯರಾಜರು ದಯಾನಂದನಿಗೆ ಉಳಿಸಿಕೊಂಡ ಬಾಕಿ ಅದು.