ನಾಲ್ಕೂ ಇಪ್ಪತ್ತರ ಗಂಟೆ

ಅವರು ಕೈಗಡಿಯಾರವನ್ನು ಒಳಮುಖವಾಗಿ ಕಟ್ಟುತ್ತಿದ್ದರು. ಗಡಿಯಾರದ ಮುಖ ನಾಡಿ ಹಿಡಿಯುವ ಜಾಗದ ಮೇಲಿರುತ್ತಿತ್ತು. ಹೊತ್ತು ನೋಡಬೇಕಾದಾಗ ಎಡಗೈ ಮುಂದೆ ಚಾಚಿ, ಅಂಗೈ ಮೇಲೆ ಮಾಡಿ, ತಲೆ ತುಸು ಬಗ್ಗಿಸುತ್ತಿದ್ದರು. ಎಡಗೈ ಎಂಬುದೊಂದನ್ನು ಬಿಟ್ಟರೆ ತೀರ್ಥಕ್ಕೆ ಕೈಯೊಡ್ಡಿದ ಹಾಗೇ ಕಾಣುತ್ತಿತ್ತು. ಯಾಕೆ ಹೀಗೆ ಕಟ್ಟುತ್ತೀರಿ ಎಂದು ಕೇಳಿದ್ದೆ. “ದಿನಾ ಕುರ್ಚಿ ಎತ್ತೋನು ನಾನು. ಮೇಲ್ಗಡೆ ಕಟ್ಟಿದ್ರೆ ಗಾಜು ಉಳಿಯುತ್ತಾ ಮಾರಾಯ್ರೆ?” ಎಂದಿದ್ದರು.

ಮೂಡಿಗೆರೆ ಪೇಟೆ ದಾಟಿ ಒಂದು ಕಿಲೋಮೀಟರ್ ದೂರದಲ್ಲಿದ್ದ ನಮ್ಮ ಸ್ನಾತಕೋತ್ತರ ಕೇಂದ್ರದ ಸಭಾಂಗಣಕ್ಕೆ ಅವರು ಅಟೆಂಡರ್. ಊರು ಆಲ್ದೂರು. ಅವರಪ್ಪ ಅಲ್ಲಿಯ ಎಸ್ಟೇಟೊಂದರಲ್ಲಿ ಬೆಳಿಗ್ಗೆ ಆಳುಗಳನ್ನು ಕರೆಯುವ ಗಂಟೆ ಹೊಡೆಯುತ್ತಿದ್ದವರು. ನಾವೆಲ್ಲ ಎದುರಿಗೆ ‘ಅಣ್ಣ’ ಎನ್ನುತ್ತಿದ್ದೆವು, ಹಿಂದಿನಿಂದ ‘ಗಂಟೆಯಣ್ಣ’ ಎನ್ನುತ್ತಿದ್ದೆವು. ಎರಡೂ ಅವರಿಗೆ ಗೊತ್ತಿತ್ತು.

ಪ್ರತಿ ಶನಿವಾರ ಮಧ್ಯಾಹ್ನ ಅಲ್ಲಿ ನಮ್ಮ ಕೂಟ ನಡೆಯುತ್ತಿತ್ತು. ಒಂದು ವಾರ ಉಪನ್ಯಾಸ, ಒಂದು ವಾರ ಸಿನಿಮಾ, ಆಮೇಲೆ ಚರ್ಚೆ. ಎಂ.ಎ. ಎರಡನೆಯ ವರ್ಷದಲ್ಲಿ ಕೂಟದ ಸಂಚಾಲಕತ್ವ ನನ್ನ ಪಾಲಿಗೆ ಬಂದಿತ್ತು. ಅತಿಥಿಗಳನ್ನು ಕರೆಸುವುದು, ವರದಿ ಪುಸ್ತಕ ಬರೆಯುವುದು ನನ್ನ ಕೆಲಸ. ಉಳಿದದ್ದೆಲ್ಲ ಅವರದು. ಸಿನಿಮಾ ಇರುವ ದಿನ ಸಭಾಂಗಣದ ಒಂಬತ್ತು ಕಿಟಕಿಗಳಿಗೂ ಟಾರ್ಪಾಲು ಕಟ್ಟಿ ಕತ್ತಲು ಮಾಡುತ್ತಿದ್ದರು. ಅವು ಹತ್ತಿರದ ಎಸ್ಟೇಟಿನಲ್ಲಿ ಕಾಫಿ ಒಣಗಿಸುವ ಟಾರ್ಪಾಲುಗಳು. ಹಾಗಾಗಿ ನಾವು ನೋಡಿದ ಚಿತ್ರಗಳಿಗೆಲ್ಲ ಒಣ ಕಾಫಿಯ ವಾಸನೆಯಿತ್ತು. ಹಣ್ಣು ಕೊಯ್ಲಿನ ತಿಂಗಳುಗಳಲ್ಲಿ ಟಾರ್ಪಾಲು ಕಣಕ್ಕೆ ವಾಪಸಾಗುತ್ತಿತ್ತು, ಆಗ ಬರೀ ಭಾಷಣ. “ಈ ತಿಂಗಳು ಕಾಫಿ ಸಿನಿಮಾ ನೋಡುತ್ತೆ, ನೀವು ಭಾಷಣ ಕೇಳಿ” ಎನ್ನುತ್ತಿದ್ದರು.

ಬಾಗಿಲಲ್ಲಿ ಒಂದು ಕುಕ್ಕೆ ಇಟ್ಟುಕೊಂಡು ಎಲ್ಲರ ಫೋನನ್ನೂ ಅದರಲ್ಲಿ ಹಾಕಿಸಿಕೊಳ್ಳುತ್ತಿದ್ದರು. ಸಿನಿಮಾ ಮುಗಿದ ಮೇಲೂ ಟಾರ್ಪಾಲು ಬಿಚ್ಚುತ್ತಿರಲಿಲ್ಲ, ವೇದಿಕೆಯ ದೀಪವೊಂದನ್ನು ಹಾಕಿ ಚರ್ಚೆ ನಡೆಯುತ್ತಿತ್ತು. ನಮ್ಮಲ್ಲಿ ಯಾರಿಗೂ ಕೈಗಡಿಯಾರ ಕಟ್ಟುವ ರೂಢಿಯಿಲ್ಲದ್ದರಿಂದ ಒಳಗೆ ಕೂತವರಿಗೆ ಹೊತ್ತು ತಿಳಿಯುವ ದಾರಿಯೇ ಇರಲಿಲ್ಲ. ಇದ್ದದ್ದು ಅವರ ಗಡಿಯಾರ ಮತ್ತು ಸ್ವಿಚ್‌ಬೋರ್ಡಿನ ಕೆಳಗೆ ಅವರ ಕುರ್ಚಿಯ ಪಕ್ಕ ಇಟ್ಟಿರುತ್ತಿದ್ದ ಹಿತ್ತಾಳೆಯ ಕೈಗಂಟೆ.

ಆ ಗಂಟೆಯನ್ನು ಅವರು ನಾಲ್ಕೂ ಇಪ್ಪತ್ತಕ್ಕೆ ಸರಿಯಾಗಿ ಬಾರಿಸುತ್ತಿದ್ದರು. ಕಾರಣ, ಕಳಸದ ಬಸ್ಸು ನಾಲ್ಕೂ ಮುಕ್ಕಾಲಿಗೆ. ಆ ಬಸ್ಸು ಬಾಳೂರು ಕೈಮರದ ಕವಲುದಾರಿ ತಲುಪುವವರೆಗೆ ಅಲ್ಲೊಂದು ಜೀಪು ಕಾಯುತ್ತಿತ್ತು. ಬಸ್ಸು ತಪ್ಪಿದರೆ ಜೀಪೂ ಇಲ್ಲ, ಒಳಗಿನ ಎಸ್ಟೇಟುಗಳ ಹುಡುಗಿಯರು ಕತ್ತಲಲ್ಲಿ ನಾಲ್ಕೈದು ಮೈಲಿ ನಡೆಯಬೇಕು. ವೇದಿಕೆಯ ಮೇಲೆ ಯಾರೇ ಇರಲಿ, ಮಾತು ಎಲ್ಲೇ ಇರಲಿ, ಅವರು ಎದ್ದು ನಿಂತು ಮೂರು ಸಲ ಹೊಡೆದು ಕೂರುತ್ತಿದ್ದರು. ಏಳೆಂಟು ಮಂದಿ ಬಗ್ಗಿಕೊಂಡು ಹೊರಗೆ ಹೋಗುತ್ತಿದ್ದರು. ಒಮ್ಮೆ ಮೈಸೂರಿನಿಂದ ಬಂದಿದ್ದ ಹಿರಿಯ ಪ್ರಾಧ್ಯಾಪಕರೊಬ್ಬರು ಸಿಟ್ಟಾಗಿ, “ಇದೇನ್ರೀ, ದೇವಸ್ಥಾನವೇ?” ಎಂದರು.

“ಅಲ್ಲ ಸರ್, ಬಸ್ ಸ್ಟ್ಯಾಂಡು” ಎಂದರು ಇವರು.

ಸಭಾಂಗಣ ನಕ್ಕಿತು. ಪ್ರಾಧ್ಯಾಪಕರೂ ನಗಬೇಕಾಯಿತು.

ಆ ಏಳೆಂಟು ಮಂದಿಯಲ್ಲಿ ನನ್ನ ತರಗತಿಯ ಹುಡುಗಿಯೊಬ್ಬಳಿದ್ದಳು. ಬಾಳೂರು ಕಡೆಯವಳು, ಅವಳಪ್ಪ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್. ಮಗಳನ್ನು ಸೇರಿಸಲು ಬಂದ ದಿನ ಆತ ಎಲ್ಲ ಕೊಠಡಿಗಳನ್ನೂ ಸುತ್ತಿ, ಶನಿವಾರದ ಕೂಟದ ವಿಷಯ ಕೇಳಿ ಹಿಂಜರಿದಿದ್ದರಂತೆ. ಆಗ ಅಣ್ಣ ಗಂಟೆಯನ್ನು ತಂದು ತೋರಿಸಿ, “ದೀಪ ಹಚ್ಚೋದ್ರೊಳಗೆ ನಿಮ್ಮ ಮಗಳು ಮನೇಲಿರ್ತಾಳೆ. ಇದಕ್ಕೆ ನಾನು ಜವಾಬ್ದಾರಿ” ಎಂದಿದ್ದರು. ಆ ಮಾತಿನ ಮೇಲೆ ಅವಳ ಓದು ನಿಂತಿತ್ತು. ಕೂಟದಲ್ಲಿ ಅವಳಷ್ಟು ಚುರುಕಾಗಿ ಪ್ರಶ್ನೆ ಕೇಳುತ್ತಿದ್ದವರು ಇನ್ನೊಬ್ಬರಿರಲಿಲ್ಲ. ನಾಲ್ಕೂ ಇಪ್ಪತ್ತರೊಳಗೆ ಕೇಳಿ ಮುಗಿಸಬೇಕಿತ್ತಲ್ಲ, ಸುತ್ತುಬಳಸು ಇರುತ್ತಿರಲಿಲ್ಲ.

ನಾಲ್ಕನೆಯ ಸೆಮಿಸ್ಟರಿನ ಆರಂಭದಲ್ಲಿ, ಕೊಯ್ಲು ಮುಗಿದು ಟಾರ್ಪಾಲು ಮತ್ತೆ ನಮ್ಮ ಕೈಗೆ ಬಂದ ಮೇಲಿನ ಒಂದು ಶನಿವಾರ ಬೆಂಗಳೂರಿನಿಂದ ಸಾಕ್ಷ್ಯಚಿತ್ರ ನಿರ್ದೇಶಕರೊಬ್ಬರು ಬಂದರು. ಅವರನ್ನು ಒಪ್ಪಿಸಲು ನಾನು ಮೂರು ತಿಂಗಳು ಪತ್ರ ಬರೆದಿದ್ದೆ. ದಾರಿಯಲ್ಲಿ ತಡವಾಗಿ, ಚಿತ್ರ ಶುರುವಾದಾಗಲೇ ಮೂರಾಗುತ್ತ ಬಂದಿತ್ತು. ಅದು ಮುಗಿದು ಚರ್ಚೆಗೆ ಹತ್ತು ನಿಮಿಷವೂ ಸಿಗುವುದಿಲ್ಲ, ಅಷ್ಟರಲ್ಲಿ ಗಂಟೆ ಹೊಡೆದು ಏಳೆಂಟು ಮಂದಿ ಎದ್ದು ಹೋಗುತ್ತಾರೆ ಎಂಬುದು ನನ್ನ ಚಿಂತೆ. ನಾನು ಸಿದ್ಧಮಾಡಿಕೊಂಡಿದ್ದ ಪ್ರಶ್ನೆಗಳೂ ಇದ್ದವು. ಕತ್ತಲಲ್ಲಿ ತಡವಿಕೊಂಡು ಸ್ವಿಚ್‌ಬೋರ್ಡಿನ ಹತ್ತಿರ ಹೋದೆ.

“ಅಣ್ಣ, ಇವತ್ತು ಗಂಟೆ ಬೇಡ. ಸರ್ ಹೇಳಿದ್ದಾರೆ.”

ಸರ್ ಎಂದರೆ ನಮ್ಮ ವಿಭಾಗದ ಮುಖ್ಯಸ್ಥರು. ಮುಂದಿನ ಸಾಲಿನಲ್ಲಿ ಕೂತಿದ್ದರು. ಅವರು ಏನೂ ಹೇಳಿರಲಿಲ್ಲ.

“ಕಳಸದ ಬಸ್ಸಿನವ್ರು?” ಎಂದು ಅಣ್ಣ ಕೇಳಿದರು.

“ಅವರಿಗೆ ಗಾಡಿ ವ್ಯವಸ್ಥೆ ಮಾಡ್ತಾರಂತೆ.”

ಅದು ಎರಡನೆಯ ಸುಳ್ಳು. ಅಣ್ಣ ಮುಂದಿನ ಸಾಲಿನ ಕಡೆಗೊಮ್ಮೆ ನೋಡಿದರು. ಹೆಗಲ ಮೇಲಿದ್ದ ಟವಲನ್ನು ಗಂಟೆಯೊಳಗೆ ತುರುಕಿ ಕುರ್ಚಿಯ ಕೆಳಗೆ ಸರಿಸಿದರು. ಚಿತ್ರ ಮುಗಿದು ಚರ್ಚೆ ಶುರುವಾಯಿತು. ನಿರ್ದೇಶಕರು ನನ್ನ ಪ್ರಶ್ನೆಗೆ ಉತ್ತರ ಹೇಳುತ್ತಿದ್ದಾಗ ತಿರುಗಿ ನೋಡಿದೆ. ಅಣ್ಣ ಅಂಗೈ ಮೇಲೆ ಮಾಡಿ ತಲೆ ಬಗ್ಗಿಸಿದ್ದರು. ರೇಡಿಯಂ ಮುಳ್ಳಿನ ಹಸಿರು ಅವರ ಗಲ್ಲದ ಮೇಲೆ ಬಿದ್ದಿತ್ತು. ಆಮೇಲೆ ನನ್ನ ಕಡೆ ನೋಡಿದರು. ನಾನು ತಲೆ ಅಲ್ಲಾಡಿಸಿದೆ, ಬೇಡ ಎಂದು.

ಸಭೆ ಮುಗಿದಾಗ ಐದೂಕಾಲು. ಟಾರ್ಪಾಲು ಬಿಚ್ಚಿದ ಕೂಡಲೇ ಹುಡುಗಿಗೆ ಬೆಳಕು ನೋಡಿಯೇ ತಿಳಿಯಿತು. ಕುಕ್ಕೆಯ ಹತ್ತಿರ ಓಡಿಬಂದು, “ಅಣ್ಣಾ, ಗಂಟೆ ಹೊಡೀಲಿಲ್ವಾ?” ಎಂದಳು.

ಅಣ್ಣ ಮುಖ್ಯಸ್ಥರ ಕಡೆ ತಿರುಗಿ, “ಸರ್, ಗಾಡಿ?” ಎಂದರು. “ಯಾವ ಗಾಡಿ?” ಎಂದರು ಮುಖ್ಯಸ್ಥರು. ಅಣ್ಣ ಪೇಟೆಗೆ ಓಡಿ ಪರಿಚಯದ ಜೀಪಿನವನನ್ನು ಹಿಡಿದುತಂದರು. ಕಳಸ ಕಡೆಯ ಉಳಿದ ಹುಡುಗಿಯರಿಗೆ ಪೇಟೆಯಲ್ಲಿ ನೆಂಟರ ಮನೆಗಳಿದ್ದವು. ಬಾಳೂರಿನವಳನ್ನು ಕೂರಿಸಿಕೊಂಡು ತಾವೇ ಜೊತೆಗೆ ಹೊರಟರು. ಅವರು ತಲುಪುವಾಗ ಅವಳಪ್ಪ ಟಾರ್ಚು ಹಿಡಿದು ಎಸ್ಟೇಟ್ ಗೇಟಿನಲ್ಲಿ ನಿಂತಿದ್ದರಂತೆ. ಇದನ್ನು ಆಮೇಲೆ ಜೀಪಿನವನು ಹೇಳಿದ.

ಸೋಮವಾರ ಅವಳು ಬರಲಿಲ್ಲ. ಗುರುವಾರ ಗೆಳತಿಯೊಬ್ಬಳು ಸುದ್ದಿ ತಂದಳು, ಅವಳ ಓದು ಬಿಡಿಸಿದ್ದಾರೆ ಎಂದು. ಅಂದೇ ಮುಖ್ಯಸ್ಥರು ನಮ್ಮೆಲ್ಲರ ಎದುರಿಗೆ ಅಣ್ಣನನ್ನು ಕರೆಸಿದರು.

“ಗಂಟೆ ಯಾಕ್ರೀ ಹೊಡೀಲಿಲ್ಲ?”

ಅಣ್ಣ ನನ್ನನ್ನು ನೋಡಿದರು. ನೋಟದಲ್ಲಿ ಸಿಟ್ಟಿರಲಿಲ್ಲ. ನಾನು ಮಾತಾಡಲು ಸಾಕಾಗುವಷ್ಟು ಹೊತ್ತು ಕಾದರು ಎಂದು ಈಗ ಅನ್ನಿಸುತ್ತದೆ. ನಾನು ಕೈಯಲ್ಲಿದ್ದ ಪುಸ್ತಕ ನೋಡುತ್ತಿದ್ದೆ.

“ಮರ್ತೋಯ್ತು ಸರ್” ಎಂದರು.

ಅವರಿಗೆ ಕಾರಣ ಕೇಳಿ ನೋಟಿಸು ಕೊಟ್ಟರು. ಕೂಟದ ವರದಿ ಪುಸ್ತಕದಲ್ಲೂ ಈ ಸಂಗತಿ ದಾಖಲಾಗಲಿ ಎಂದು ಮುಖ್ಯಸ್ಥರು ಹೇಳಿದರು. ನಾನು ಬರೆದೆ: ‘ಅಟೆಂಡರ್ ಗಂಟೆ ಬಾರಿಸಲು ಮರೆತ ಕಾರಣ ಕೆಲವು ವಿದ್ಯಾರ್ಥಿನಿಯರಿಗೆ ಬಸ್ಸು ತಪ್ಪಿತು.’ ಪ್ರತಿ ಶನಿವಾರ ಸಭಾಂಗಣದ ಬೀಗ ತೆಗೆದ ಮೇಲೆ ಹಿಂದಿನ ವಾರದ ವರದಿ ಓದುವುದು ಅಣ್ಣನ ರೂಢಿ. “ಹೋದ ವಾರ ನಾವು ಎಂತ ಮಾಡಿದ್ವಿ ನೋಡೋಣ” ಎಂದು ಕನ್ನಡಕ ಹಾಕಿಕೊಳ್ಳುತ್ತಿದ್ದರು. ಆ ಶನಿವಾರವೂ ಓದಿದರು, ಸಾಲಿನ ಕೆಳಗೆ ಬೆರಳಿಟ್ಟು, ನಿಧಾನವಾಗಿ. ಓದಿ ಪುಸ್ತಕ ಮುಚ್ಚಿ ನನಗೆ ಕೊಟ್ಟರು.

“ಅಕ್ಷರ ಚೆನ್ನಾಗಿದೆ” ಎಂದರು.

ಮುಂದಿನ ಭಾನುವಾರ ಅವರು ಬಾಳೂರಿಗೆ ಹೋಗಿ ರೈಟರ ಹತ್ತಿರ ಕೇಳಿಕೊಂಡು ಬಂದರು. ಆಗಲಿಲ್ಲ. ಅದರ ಮುಂದಿನ ಭಾನುವಾರಕ್ಕೆ ನನ್ನನ್ನು ಕರೆದರು. “ನೀವೂ ಬನ್ನಿ ಮಾರಾಯ್ರೆ. ಓದಿದವ್ರು ಮಾತಾಡಿದ್ರೆ ಏನಾದ್ರೂ ಆಗ್ಬಹುದು.”

ರೈಟರು ನಮ್ಮನ್ನು ಮರ್ಯಾದೆಯಿಂದಲೇ ಕೂರಿಸಿದರು. ಹುಡುಗಿ ಕಾಫಿ ತಂದಿಟ್ಟು ಒಳಗೆ ಹೋದಳು, ಬಾಗಿಲ ಹಿಂದೆಯೇ ನಿಂತಿದ್ದಳು. ಇನ್ನು ಒಂದೇ ಸೆಮಿಸ್ಟರು, ತರಗತಿಗೇ ಮೊದಲನೆಯವಳು ಎಂದೆಲ್ಲ ನಾನು ಹೇಳಿದೆ. ರೈಟರು ಕೇಳಿಸಿಕೊಂಡು ಅಣ್ಣನ ಕಡೆ ತಿರುಗಿದರು.

“ನಿಮ್ಮ ಮೇಲೆ ನಂಗೆ ಕೋಪ ಇಲ್ಲ. ನೀವೇ ಕರ್ಕೊಂಡು ಬಂದು ಬಿಟ್ರಿ, ಅದನ್ನ ಮರೆಯಲ್ಲ. ಆದ್ರೆ ನಾನು ಆ ಗಂಟೆ ನಂಬಿ ಕಳಿಸಿದ್ದೆ. ಒಂದ್ಸಲ ಮರೆತದ್ದು ಇನ್ನೊಂದ್ಸಲ ಮರೆಯಲ್ಲ ಅಂತ ಹೇಗೆ ನಂಬ್ಲಿ, ಹೇಳಿ?”

ಅಣ್ಣ ತಲೆ ತಗ್ಗಿಸಿದರು. ಗಂಟೆ ಮರೆತಿರಲಿಲ್ಲ, ನಾನು ತಡೆದೆ ಎಂಬ ಒಂದು ಮಾತು ಅಲ್ಲಿ ಬೇಕಿತ್ತು. ಆ ಮಾತಿಗೆ ರೈಟರು ಮನಸ್ಸು ಬದಲಿಸುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದಿರುವುದು ನಾನು ಬಾಯಿ ತೆರೆಯದ ಕಾರಣಕ್ಕೆ. ಕಾಫಿ ಕುಡಿದು ಲೋಟ ಕೆಳಗಿಟ್ಟೆ.

ಹಿಂದಿರುಗುವ ಬಸ್ಸಿನಲ್ಲಿ, ಕೊಟ್ಟಿಗೆಹಾರ ದಾಟಿದ ಮೇಲೆ, ಹೇಳಿದೆ. “ಅಣ್ಣ, ಅವತ್ತು ಸರ್ ಹೇಳಿರಲಿಲ್ಲ.”

“ಗೊತ್ತು. ಯಾವ ಗಾಡಿ ಅಂದ್ರಲ್ಲ, ಆಗ್ಲೇ ಗೊತ್ತಾಯ್ತು.”

“ಮತ್ತೆ ಎಂತಕ್ಕೆ ಮರೆತೆ ಅಂದ್ರಿ?”

ಅವರು ಕಿಟಕಿಯ ಕಡೆ ನೋಡುತ್ತಿದ್ದರು. “ನಿಮಗೂ ಪರೀಕ್ಷೆ ಇದೆಯಲ್ಲ. ಒಬ್ಬಳ ಓದು ಹೋಯ್ತು, ಇನ್ನೊಬ್ಬರದ್ದು ಎಂತಕ್ಕೆ?” ಆಮೇಲೆ ತಮ್ಮಷ್ಟಕ್ಕೆ ಹೇಳಿಕೊಂಡಂತೆ, “ನನ್ನದೂ ತಪ್ಪಿದೆ. ಸರ್ ಮುಂದಿನ ಸಾಲಲ್ಲೇ ಕೂತಿದ್ರು. ಹೋಗಿ ಕೇಳಿದ್ರೆ ಆಗ್ತಿತ್ತು. ಹತ್ತು ಹೆಜ್ಜೆ, ಅಷ್ಟೇ. ನಡೀಲಿಲ್ಲ ನಾನು” ಎಂದರು.

ನಾನು ಪತ್ರಿಕೆ ಸೇರಿ ಹನ್ನೆರಡು ವರ್ಷವಾಯಿತು. ಹೊಸಬರು ‘ಅವರು ಹೇಳಿದ್ದಾರಂತೆ’ ಎಂದು ಸುದ್ದಿ ತಂದರೆ, ನೀವೇ ಹೋಗಿ ಕೇಳಿದಿರಾ ಎಂದು ವಾಪಸು ಕಳಿಸುತ್ತೇನೆ. ‘ಹತ್ತು ಹೆಜ್ಜೆ’ ಎಂಬುದು ನಮ್ಮ ಕಚೇರಿಯಲ್ಲಿ ಎಲ್ಲರ ಬಾಯಲ್ಲಿದೆ. ಅದು ಎಲ್ಲಿಂದ ಬಂತು ಎಂದು ನಾನು ಯಾರಿಗೂ ಹೇಳಿರಲಿಲ್ಲ.

ಅಣ್ಣ ನಿವೃತ್ತರಾಗುವವರೆಗೂ ಗಂಟೆ ಹೊಡೆದರು. ಆ ಪ್ರಕರಣದ ನಂತರ ಒಂದು ಬದಲಾವಣೆಯಾಗಿತ್ತು: ಗಂಟೆ ಹೊಡೆದು ಕೂರುತ್ತಿರಲಿಲ್ಲ, ಹುಡುಗಿಯರ ಹಿಂದೆಯೇ ಬಸ್ ಸ್ಟ್ಯಾಂಡಿನವರೆಗೆ ನಡೆದುಹೋಗಿ ಬಸ್ಸು ಹೊರಟ ಮೇಲೆ ವಾಪಸು ಬರುತ್ತಿದ್ದರು. ಸಭಾಂಗಣ ಈಗ ಕಂಪ್ಯೂಟರ್ ಕೊಠಡಿಯಾಗಿದೆ. ಶನಿವಾರದ ಕೂಟ ನಿಂತುಹೋಗಿದೆ.

ಈ ವರ್ಷ ಕಾಫಿ ಹೂ ಬಿಟ್ಟ ವಾರ ಅವರು ತೀರಿಕೊಂಡರು. ಹೃದಯದ ತೊಂದರೆ. ಆಲ್ದೂರಿನ ಮನೆಯಲ್ಲಿ ಅಂಗಳದ ತುಂಬ ಹಳೆಯ ವಿದ್ಯಾರ್ಥಿಗಳಿದ್ದರು. ಅಣ್ಣನ ಕೈಯಿಂದ ಗಡಿಯಾರ ಬಿಚ್ಚಿದ್ದರು. ಮಣಿಕಟ್ಟಿನ ಒಳಭಾಗದಲ್ಲಿ ಕಾಸಿನಗಲದ ಬಿಳಿಚಿದ ಗುರುತಿತ್ತು. ಅದನ್ನೇ ನೋಡುತ್ತ ನಿಂತಿದ್ದ ಹೆಂಗಸನ್ನು ಗುರುತಿಸಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಬಾಳೂರಿನವಳು. ಓದು ಬಿಡಿಸಿದ ಮರುವರ್ಷವೇ ಮದುವೆಯಾಗಿ ಆಲ್ದೂರಿನ ಹತ್ತಿರವೇ ಇದ್ದಾಳೆ.

“ಮೊದಮೊದಲು ಅಣ್ಣನ್ನ ತುಂಬ ಬೈಕೊಂಡಿದ್ದೆ” ಎಂದಳು. “ಒಂದಿನ, ಒಂದೇ ಒಂದಿನ ಮರೆತರಲ್ಲ, ಅದೂ ನನ್ನ ಪಾಲಿಗೆ ಅಂತ. ಆಮೇಲೆ ಸಂತೆಯಲ್ಲಿ ಸಿಗೋರು. ಪ್ರತಿ ಸಲ ತಪ್ಪಾಯ್ತು ತಂಗಿ ಅನ್ನೋರು. ಎಷ್ಟು ದಿನ ಸಿಟ್ಟು ಮಾಡೋದು?”

ಹೊರಗೆ ಹಲಸಿನ ಮರದ ಕೆಳಗೆ ಕರೆದುಕೊಂಡು ಹೋಗಿ ಅವಳಿಗೆ ಹೇಳಿದೆ. ನಡೆದದ್ದನ್ನು ನಡೆದ ಹಾಗೆ, ಎರಡು ಸುಳ್ಳುಗಳನ್ನೂ. ಕೊನೆಗೆ ಅವಳು, ಹಿಂದೆ ಕೂಟದಲ್ಲಿ ಕೇಳುತ್ತಿದ್ದ ಹಾಗೆಯೇ, ಒಂದೇ ಪ್ರಶ್ನೆ ಕೇಳಿದಳು.

“ಅಪ್ಪನ ಎದುರಿಗೆ ಕೂತಿದ್ರಲ್ಲ, ಅವತ್ತು ಎಂತಕ್ಕೆ ಹೇಳ್ಲಿಲ್ಲ?”

ಅವಳು ಒಳಗೆ ಹೋಗಲು ತಿರುಗಿದವಳು ನಿಂತು, “ಅಣ್ಣ ಮರೆತರು ಅಂತ ಎಲ್ಲೋ ಬರೆದಿದ್ರಂತಲ್ಲ ನೀವು, ಆಗ ಗೆಳತಿ ಹೇಳಿದ್ಲು. ಅದನ್ನ ತಿದ್ದಿ” ಎಂದಳು.

ಮಾರನೆಯ ದಿನ ಮೂಡಿಗೆರೆಗೆ ಹೋಗಿ ವಿಚಾರಿಸಿದೆ. ಕೂಟದ ವರದಿ ಪುಸ್ತಕಗಳನ್ನು ಸಭಾಂಗಣ ತೆರವು ಮಾಡಿದಾಗಲೇ ರದ್ದಿಗೆ ಹಾಕಿದ್ದಾರೆ. ತಿದ್ದಲು ಆ ಪುಟ ಉಳಿದಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಆ ಶನಿವಾರದ ವರದಿಯಲ್ಲಿ ‘ಅಟೆಂಡರ್ ಗಂಟೆ ಬಾರಿಸಲು ಮರೆತ ಕಾರಣ’ ಎಂದು ಬರೆದದ್ದು ತಪ್ಪು. ಅವರು ಮರೆತಿರಲಿಲ್ಲ. ನಾಲ್ಕೂ ಇಪ್ಪತ್ತಕ್ಕೆ ಅವರು ಅಂಗೈ ಮೇಲೆ ಮಾಡಿ ತಲೆ ಬಗ್ಗಿಸಿ ಹೊತ್ತು ನೋಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.