ಸುಜಾತಾ ಹುಡುಕಿದ ಎರಡು ಸ್ವರ

ಗೆಳೆಯರೇ, ಇವತ್ತು ಹೊಟ್ಟೆ ಉರಿದುಕೊಂಡೇ ಮನೆಗೆ ಬಂದಿದ್ದೇನೆ.

ಮುಧೋಳದ ಕಡೆಯ ನಮ್ಮ ಸಕ್ಕರೆ ಕಾರ್ಖಾನೆಯಲ್ಲಿ ಬೆಂಕಿ ನಂದಿಸುವ ತಂಡಕ್ಕೆ ಪೇಜರ್‌ಗಳಿವೆ. ವೈರ್‌ಲೆಸ್‌ನಿಂದ ಎರಡು ಗೊತ್ತಾದ ಸ್ವರಗಳು ಒಂದರ ಹಿಂದೊಂದು ಬಂದರಷ್ಟೇ ಅವು ಕೂಗುತ್ತವೆ. ಆ ಸ್ವರಗಳನ್ನು ಬರೆದಿಟ್ಟ ಚೀಟಿಯೇ ಕಳೆದಿತ್ತು. ಕಬ್ಬು ಅರೆಯುವುದು ಶುರುವಾಗುವುದರೊಳಗೆ ಹೊಸ ಪೇಜರ್‌ಗಳಿಗೆ ಅವನ್ನು ತುಂಬಬೇಕಿತ್ತು. ಇಪ್ಪತ್ತು ವರ್ಷದ ಅನುಭವವಿರುವ ನಾನು ಮೂರು ದಿನ ತಡಕಾಡಿದೆ. ಹೊಸದಾಗಿ ಸೇರಿದ ಬನಹಟ್ಟಿಯ ಸುಜಾತಾ ಇವತ್ತು ವೈರ್‌ಲೆಸ್‌ನಿಂದ ಕರೆ ಕೊಡಿಸಿ, ಆ ಧ್ವನಿಯನ್ನು ಮೊಬೈಲಿನಲ್ಲಿ ಹಿಡಿದು, ಅಳೆದು, ಹತ್ತೇ ನಿಮಿಷದಲ್ಲಿ ಎರಡೂ ಸ್ವರ ಬರೆದುಕೊಟ್ಟಳು.

"ಭಾರಿ ಶಾಣ್ಯಾಕಿ ಅದಾಳ್ರೀ ಈಕಿ!" ಎಂದರು ಮ್ಯಾನೇಜರು. ನನಗೆ ಒಮ್ಮೆಯೂ ಹಾಗೆ ಅಂದವರಲ್ಲ.

"ನಿಮ್ಮ ಪೇಜರ್ ಕೊಡ್ರಿ ಸರ್, ಅದಕ್ಕೂ ಹಾಕ್ತೇನಿ" ಎಂದಳು ಸುಜಾತಾ.

"ಬ್ಯಾಡವಾ, ನನಗ ಬರ್ತೈತಿ" ಎಂದು ನಾನೇ ತುಂಬಿಕೊಂಡೆ.

ಪರೀಕ್ಷೆಗೆ ಕರೆ ಕೊಟ್ಟಾಗ ಉಳಿದೆಲ್ಲರ ಪೇಜರ್‌ಗಳು ಕೂಗಿದವು. ಆ ಗದ್ದಲದಲ್ಲಿ ನನ್ನದು ಸುಮ್ಮನಿದ್ದದ್ದು ಅವಳೊಬ್ಬಳಿಗೇ ತಿಳಿಯಿತು. ಹತ್ತಿರ ಬಂದು ಮೆಲ್ಲಗೆ ಅಂದಳು: "ಎರಡನೇ ಸ್ವರ ಮೊದಲ ಹಾಕೀರಿ ಸರ್. ಸರಿ ಮಾಡಿ ಕೊಡ್ತೇನಿ, ಯಾರಿಗೂ ಹೇಳಾಂಗಿಲ್ಲ."

ಎಲ್ಲರೆದುರು ನಕ್ಕಿದ್ದರೆ ಅವಳ ಮೇಲೆ ಸಿಟ್ಟಾದರೂ ಆಗಬಹುದಿತ್ತು. ಈಗ ಅವಳ ಒಳ್ಳೆಯತನಕ್ಕೂ ಬೇರೆ ಹೊಟ್ಟೆ ಉರಿಯುತ್ತಿದೆ.